10 ಜನ, 48 ಗಂಟೆ: ಮೂರ್ನಾಡಿನ ಬಗೆಯ ಪೇಟೆಗಳಲ್ಲಿ ವೆಲ್ಡಿಂಗ್ ಕೆಲಸದ ಅಪಾಯಗಳು

1. ವ್ಯಾಪ್ತಿ

ಮೂರ್ನಾಡು ಮಡಿಕೇರಿ ತಾಲ್ಲೂಕಿನ ಸಣ್ಣ ಪೇಟೆ. ಮಡಿಕೇರಿ–ವಿರಾಜಪೇಟೆ ರಸ್ತೆಯಲ್ಲಿದೆ; ನಾಪೋಕ್ಲಿನ ಕಡೆಗೆ ಹೋಗುವ ರಸ್ತೆಯೂ ಇಲ್ಲಿಂದ ಕವಲೊಡೆಯುತ್ತದೆ. ಸುತ್ತಲೂ ಕಾಫಿ, ಕರಿಮೆಣಸಿನ ತೋಟಗಳು. ಇಂಥ ಪೇಟೆಯ ವೆಲ್ಡಿಂಗ್ ಶಾಪಿಗೆ ಬರುವ ಕೆಲಸವನ್ನು ಸ್ಥೂಲವಾಗಿ ಹೀಗೆ ಹೇಳಬಹುದು: ಗೇಟು ಮತ್ತು ಗ್ರಿಲ್, ಶೀಟಿನ ಮಾಡಿಗೆ ಪೈಪಿನ ಚೌಕಟ್ಟು, ಪಲ್ಪರ್–ಟ್ರೇಲರ್ ಮುಂತಾದ ತೋಟದ ಸಾಮಗ್ರಿಯ ರಿಪೇರಿ, ಹಳೆಯ ಡ್ರಮ್ಮು–ಟ್ಯಾಂಕುಗಳ ತೇಪೆ ಅಥವಾ ಕಟಿಂಗ್. ಮಾಲೀಕನೇ ಮುಖ್ಯ ಕೆಲಸಗಾರ. ಜೊತೆಗೆ ಒಬ್ಬಿಬ್ಬರು ಹುಡುಗರು. ಅರ್ಧ ಕೆಲಸ ಅಂಗಡಿಯಲ್ಲಿ, ಉಳಿದರ್ಧ ಗಿರಾಕಿಯ ಮನೆಯಲ್ಲೋ ತೋಟದಲ್ಲೋ.

ಈ ಟಿಪ್ಪಣಿ ಯಾವುದೇ ಅಂಗಡಿಯ ಸಮೀಕ್ಷೆಯಲ್ಲ. ಕಾಯ್ದೆಗಳ ಪಠ್ಯ, ಭಾರತೀಯ ಮಾನಕಗಳು, ಪ್ರಕಟಿತ ಮಿತಿಗಳು ಇವನ್ನು ಒಂದರ ಪಕ್ಕ ಒಂದಿಟ್ಟು, ಮೇಲೆ ಹೇಳಿದ ಗಾತ್ರದ ಅಂಗಡಿಗೆ ಹೊಂದಿಸಿ ಓದುವ ಪ್ರಯತ್ನ. ಪ್ರತಿಪಾದನೆ ಸೀಮಿತವಾದದ್ದು: ಈ ಕೆಲಸದಲ್ಲಿ ಅತಿ ಸಾಮಾನ್ಯವಾದ ಹಾನಿಗಳು ಎರಡು ಬಗೆಯ ಹೊಸ್ತಿಲುಗಳ ಕೆಳಗೆ ಉಳಿದುಬಿಡುತ್ತವೆ. ಒಂದು ತಲೆ ಎಣಿಕೆಯದು, ಇನ್ನೊಂದು ಗಂಟೆಗಳದು. ದಾಖಲೆಯಲ್ಲಿ ಅವು ಕಾಣದಿರುವುದಕ್ಕೆ ಇದು ಪೂರ್ಣ ಕಾರಣವಲ್ಲದಿದ್ದರೂ ಮುಖ್ಯ ಕಾರಣವಿರಬಹುದು.

2. ತಲೆ ಎಣಿಕೆ

1948ರ ಕಾರ್ಖಾನೆಗಳ ಕಾಯ್ದೆಯ 2(ಎಂ) ಕಲಮಿನ ಪ್ರಕಾರ, ವಿದ್ಯುತ್ ಮುಂತಾದ ಶಕ್ತಿ ಬಳಸುವ ಕಡೆ 10 ಅಥವಾ ಹೆಚ್ಚು ಕೆಲಸಗಾರರು, ಶಕ್ತಿ ಬಳಸದ ಕಡೆ 20 ಅಥವಾ ಹೆಚ್ಚು ಜನರಿದ್ದರೆ ಅದು ಕಾರ್ಖಾನೆ ಎನಿಸುತ್ತಿತ್ತು. ಮೂವರ ಅಂಗಡಿ ಇದರೊಳಗೆ ಬರುತ್ತಿರಲಿಲ್ಲ. 85ನೇ ಕಲಮು ಇದಕ್ಕಿಂತ ಸಣ್ಣ ಜಾಗಗಳಿಗೂ ಕಾಯ್ದೆಯನ್ನು ವಿಸ್ತರಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿತ್ತು. ಆದರೆ ಮಾಲೀಕ ತನ್ನ ಮನೆಯವರ ನೆರವಿನಿಂದಷ್ಟೇ ಕೆಲಸ ನಡೆಸುವ ಜಾಗವನ್ನು ಹೊರಗಿಟ್ಟಿತ್ತು. ಅಣ್ಣ ತಮ್ಮ ಸೇರಿ ನಡೆಸುವ ಶಾಪು ಆ ಅಪವಾದದೊಳಗೇ ಬೀಳುವ ಸಾಧ್ಯತೆ ಹೆಚ್ಚಿತ್ತು.

2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ 2025ರ ನವೆಂಬರ್ 21ರಿಂದ ಈ ಕಾಯ್ದೆಯ ಬದಲಿಗೆ ಜಾರಿಗೆ ಬಂದಿತು. ಇಲ್ಲಿ ಕಾರ್ಖಾನೆಯ ಹೊಸ್ತಿಲು ಶಕ್ತಿ ಬಳಸುವ ಕಡೆ 20, ಬಳಸದ ಕಡೆ 40. ಸಾಮಾನ್ಯವಾಗಿ 10 ಕೆಲಸಗಾರರಿರುವ ಜಾಗ ‘ಸಂಸ್ಥೆ’ ಎನಿಸುತ್ತದೆ. ಇದನ್ನು ಸಣ್ಣ ಉದ್ದಿಮೆಗೆ ಕೊಟ್ಟ ದೊಡ್ಡ ರಿಯಾಯಿತಿ ಎಂದು ವಾದಿಸುವವರಿದ್ದಾರೆ, ಸಂಸ್ಥೆಯ ವ್ಯಾಖ್ಯೆ ವಿಶಾಲವಾಗಿದೆ ಎಂದು ಉತ್ತರಿಸುವವರೂ ಇದ್ದಾರೆ. 10ರಿಂದ 19 ಜನರಿರುವ ಘಟಕಗಳಿಗೆ ಈ ಚರ್ಚೆ ಮುಖ್ಯವೇ. ಮೂವರ ಅಂಗಡಿಯ ಮಟ್ಟಿಗೆ ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸ ಕಾಣುವುದಿಲ್ಲ.

ವೆಲ್ಡರ್ ತೋಟಕ್ಕೆ ಹೋದಾಗ ಏನಾಗುತ್ತದೆ ಎಂಬುದು ಕೊಡಗಿನ ಮಟ್ಟಿಗೆ ಕೇಳಲೇಬೇಕಾದ ಪ್ರಶ್ನೆ. 1951ರ ತೋಟ ಕಾರ್ಮಿಕರ ಕಾಯ್ದೆ, 1981ರ ತಿದ್ದುಪಡಿಯ ನಂತರ, 5 ಹೆಕ್ಟೇರ್ ಮತ್ತು 15 ಜನರ ಹೊಸ್ತಿಲಿನಿಂದ ಅನ್ವಯವಾಗುತ್ತಿತ್ತು. ಆದರೆ ‘ಕಾರ್ಮಿಕ’ ಎಂಬುದರ ವ್ಯಾಖ್ಯೆಯಲ್ಲೇ, ಕಟ್ಟಡ, ರಸ್ತೆ, ಸೇತುವೆ, ಚರಂಡಿ, ಕಾಲುವೆಗಳ ನಿರ್ಮಾಣಕ್ಕೋ ನಿರ್ವಹಣೆಗೋ ತಾತ್ಕಾಲಿಕವಾಗಿ ನೇಮಕಗೊಂಡವರನ್ನು ಕೈಬಿಡಲಾಗಿತ್ತು. ತೋಟದ ಕಾರ್ಮಿಕರ ಲೈನ್‌ಮನೆಯ ಮಾಡಿಗೆ ಚೌಕಟ್ಟು ಕೂಡಿಸಲು ಬಂದವನು ಈ ಅಪವಾದಕ್ಕೆ ಸೇರುತ್ತಾನೆ ಎಂದು ಓದಬಹುದು. ಪಲ್ಪರ್ ರಿಪೇರಿಗೆ ಬಂದವನು ಸೇರುತ್ತಾನೆಯೇ ಎಂಬುದು ವಾದಕ್ಕೆ ಬಿಟ್ಟದ್ದು. ಮನೆ ಕಟ್ಟುವ ಜಾಗದಲ್ಲಾದರೆ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯದೂ 10 ಜನರ ಹೊಸ್ತಿಲೇ. ಸ್ವಂತ ವಾಸದ ಮನೆ, ವೆಚ್ಚ 10 ಲಕ್ಷ ರೂಪಾಯಿ ಮೀರದಿದ್ದರೆ, ಆ ಮನೆಯೊಡೆಯ ಅದರ ವ್ಯಾಪ್ತಿಯಲ್ಲಿ ಇರಲಿಲ್ಲ. ಕಲ್ಯಾಣ ಮಂಡಳಿಯ ನೋಂದಣಿಗೆ ಮಾತ್ರ ಹಿಂದಿನ 12 ತಿಂಗಳಲ್ಲಿ 90 ದಿನದ ನಿರ್ಮಾಣ ಕೆಲಸ ಸಾಕಿತ್ತು. ಅದು ಸವಲತ್ತಿನ ವಿಷಯ, ಸುರಕ್ಷತೆಯದಲ್ಲ. ಎರಡನ್ನೂ ಬೆರೆಸಿ ಹೇಳುವ ರೂಢಿ ಇರುವುದರಿಂದ ಇಲ್ಲಿ ಗುರುತಿಸಲಾಗಿದೆ.

3. ಹೊಗೆ: 5 ಮಿ.ಗ್ರಾಂ. ಮತ್ತು 1 ಮಿ.ಗ್ರಾಂ.

ಭೋಪಾಲ ದುರಂತದ ನಂತರ, 1987ರ ತಿದ್ದುಪಡಿಯಿಂದ ಕಾರ್ಖಾನೆಗಳ ಕಾಯ್ದೆಗೆ 41-ಎಫ್ ಕಲಮೂ ರಾಸಾಯನಿಕಗಳ ಮಿತಿಯನ್ನು ಹೇಳುವ ಎರಡನೇ ಅನುಸೂಚಿಯೂ ಸೇರಿದವು. 8 ಗಂಟೆಯ ಸರಾಸರಿಯಲ್ಲಿ ವೆಲ್ಡಿಂಗ್ ಹೊಗೆಗೆ ಘನ ಮೀಟರಿಗೆ 5 ಮಿ.ಗ್ರಾಂ., ಮ್ಯಾಂಗನೀಸ್ ಹೊಗೆಗೆ 1 ಮಿ.ಗ್ರಾಂ., ಸತುವಿನ ಆಕ್ಸೈಡ್ ಹೊಗೆಗೆ 5 ಮಿ.ಗ್ರಾಂ. ಎಂದು ಅದರಲ್ಲಿತ್ತು.

ಈ ಸಂಖ್ಯೆಗಳನ್ನು ಒಟ್ಟಿಗೆ ಓದಿದಾಗ ಒಂದು ವಿಚಿತ್ರ ಕಾಣುತ್ತದೆ. ಸಾಧಾರಣ ಕಬ್ಬಿಣಕ್ಕೆ ಬಳಸುವ ರಾಡಿನ ಹೊಗೆಯಲ್ಲಿ ಮ್ಯಾಂಗನೀಸ್ ಪಾಲು ಶೇ. 3ರಿಂದ 10ರ ಆಸುಪಾಸು ಎಂದು ಇಟ್ಟುಕೊಳ್ಳೋಣ. ರಾಡಿನ ಲೇಪನ, ಕರೆಂಟು, ಆರ್ಕಿನ ಉದ್ದ ಇವುಗಳ ಮೇಲೆ ಅದು ಬದಲಾಗುತ್ತದೆ. ಶೇ. 5 ಎಂದು ಹಿಡಿದರೆ, 5 ಮಿ.ಗ್ರಾಂ. ಹೊಗೆಯಲ್ಲಿ ಮ್ಯಾಂಗನೀಸ್ 0.25 ಮಿ.ಗ್ರಾಂ. ಮಾತ್ರ. ಅಂದರೆ ಒಟ್ಟು ಹೊಗೆ ಮಿತಿಯೊಳಗಿದ್ದರೆ ಮ್ಯಾಂಗನೀಸ್ 1 ಮಿ.ಗ್ರಾಂ. ಮುಟ್ಟಲು ಅದರ ಪಾಲು ಶೇ. 20 ಇರಬೇಕು. ಸಾಮಾನ್ಯ ರಾಡಿನಲ್ಲಿ ಆ ಎರಡನೆಯ ಮಿತಿ ಬಳಕೆಗೆ ಬರುವ ಸಂದರ್ಭವೇ ಇಲ್ಲ ಎನ್ನಬಹುದು. ಹೋಲಿಕೆಗೆ: ಅಮೆರಿಕದ ಔದ್ಯೋಗಿಕ ಆರೋಗ್ಯ ತಜ್ಞರ ಸಂಘವಾದ ಎಸಿಜಿಐಎಚ್ 2013ರಲ್ಲಿ ಶ್ವಾಸಕೋಶದ ಆಳಕ್ಕೆ ಇಳಿಯುವ ಮ್ಯಾಂಗನೀಸ್ ಕಣಗಳಿಗೆ 0.02 ಮಿ.ಗ್ರಾಂ. ಎಂಬ ಶಿಫಾರಸು ಮಿತಿ ಇಟ್ಟಿತು. ಮೇಲಿನ 0.25 ಅದರ 12.5 ಪಟ್ಟು. ಮಾಪನದ ವಿಧಾನ ಎರಡೂ ಕಡೆ ಒಂದೇ ಅಲ್ಲವಾದ್ದರಿಂದ ಈ ಅನುಪಾತವನ್ನು ಅಂದಾಜು ಎಂದಷ್ಟೇ ತೆಗೆದುಕೊಳ್ಳಬೇಕು. ಆದರೂ ವೆಲ್ಡಿಂಗ್ ಹೊಗೆಯಲ್ಲಿ ಬಹುಪಾಲು ಕಣಗಳು ಒಂದು ಮೈಕ್ರಾನಿಗಿಂತ ಸಣ್ಣವು. ಹಾಗಾಗಿ ವಿಧಾನದ ವ್ಯತ್ಯಾಸ ಅಂತರವನ್ನು ಪೂರ್ತಿ ಅಳಿಸಲಾರದು.

ಕ್ಯಾನ್ಸರ್ ವರ್ಗೀಕರಣದ ವರ್ಷವನ್ನು ಕುರಿತು ಬರಹಗಳಲ್ಲಿ ವ್ಯತ್ಯಾಸವಿದೆ. ಲಿಯೋನಿನ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1990ರಲ್ಲಿ ಪ್ರಕಟವಾದ 49ನೇ ಸಂಪುಟದಲ್ಲಿ ವೆಲ್ಡಿಂಗ್ ಹೊಗೆಯನ್ನು ‘2ಬಿ’ (ಕ್ಯಾನ್ಸರ್‌ಕಾರಕ ಇರಬಹುದು) ಗುಂಪಿಗೆ ಸೇರಿಸಿತ್ತು. ಅದನ್ನು ‘1’ನೇ (ಕ್ಯಾನ್ಸರ್‌ಕಾರಕ) ಗುಂಪಿಗೆ ಏರಿಸಿದ ಸಭೆ 2017ರ ಮಾರ್ಚಿನದು, ಪೂರ್ಣ ಸಂಪುಟ 118 ಹೊರಬಂದದ್ದು 2018ರಲ್ಲಿ. 2017 ಎಂದವರೂ 2018 ಎಂದವರೂ ಸರಿಯೇ. ಗುಂಪಿನ ಸಂಖ್ಯೆ ಸಾಕ್ಷ್ಯದ ಬಲವನ್ನು ಹೇಳುತ್ತದೆ, ಅಪಾಯದ ಪ್ರಮಾಣವನ್ನಲ್ಲ. ನಮ್ಮ ಮಾನಕ ಐ.ಎಸ್. 818, ಅಂದರೆ ವಿದ್ಯುತ್ ಮತ್ತು ಗ್ಯಾಸ್ ವೆಲ್ಡಿಂಗಿನ ಸುರಕ್ಷತಾ ಸಂಹಿತೆಯ ಮೊದಲ ಪರಿಷ್ಕರಣ, 1968ರದು. ಅದನ್ನು ಓದುವಾಗ ಈ ಎರಡೂ ವರ್ಗೀಕರಣಗಳಿಗಿಂತ ಅದು ಹಿಂದಿನದು ಎಂಬುದು ನೆನಪಿರಬೇಕು.

4. ಜಿ.ಐ. ಪೈಪು, ಜ್ವರ, ಬೆಲ್ಲ

ಮಳೆ ಹೆಚ್ಚಿರುವ ಕಡೆ ತುಕ್ಕಿಗೆ ಹೆದರಿ ಸತು ಲೇಪಿಸಿದ ಜಿ.ಐ. ಪೈಪು ಕೇಳುವ ಗಿರಾಕಿಗಳು ಸಹಜವಾಗಿ ಹೆಚ್ಚು. ಸತು ಕುದಿಯುವುದು 907 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಉಕ್ಕು ಕರಗುವುದು ಸುಮಾರು 1,500ರಲ್ಲಿ. ಆದ್ದರಿಂದ ಜೋಡಣೆ ಕೂಡುವ ಮೊದಲೇ ಲೇಪನ ಆವಿಯಾಗಿ, ಬಿಳಿಯ ಆಕ್ಸೈಡ್ ಹೊಗೆಯಾಗಿ ಏಳುತ್ತದೆ. ಅದನ್ನು ಉಸಿರಾಡಿದವರಿಗೆ ಸಾಮಾನ್ಯವಾಗಿ 4ರಿಂದ 10 ಗಂಟೆಗಳ ನಂತರ ಚಳಿ, ಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ. 24ರಿಂದ 48 ಗಂಟೆಯೊಳಗೆ ತಾನಾಗಿ ಇಳಿಯುತ್ತದೆ. ಸಂಜೆ ಮನೆಗೆ ಹೋದ ಮೇಲೆ ಬರುವ ಜ್ವರವಾದ್ದರಿಂದ, ಮಳೆಗಾಲದಲ್ಲಿ ಅದನ್ನು ಮಳೆಯ ಜ್ವರ ಎಂದೇ ಭಾವಿಸುವ ಸಾಧ್ಯತೆ ಇದೆ. ನಾಲ್ಕಾರು ದಿನ ಸತತ ಕೆಲಸ ಮಾಡಿದರೆ ಮೈ ಒಗ್ಗಿದಂತಾಗಿ, ರಜೆಯ ನಂತರದ ಮೊದಲ ದಿನ ಮತ್ತೆ ಕಾಣಿಸಿಕೊಳ್ಳುವುದು ಇದರ ಗುರುತು.

ಒಂದು ಎಚ್ಚರ ಬೇಕು. ಕ್ಯಾಡ್ಮಿಯಂ ಲೇಪನದ ಹಳೆಯ ಬೋಲ್ಟು, ಕೆಲವು ಬೆಳ್ಳಿ ಬೆಸುಗೆಯ ತಂತಿ ಇವುಗಳ ಹೊಗೆಯೂ ಆರಂಭದಲ್ಲಿ ಇದೇ ಲಕ್ಷಣ ತೋರಿಸುತ್ತದೆ. ಆದರೆ ಅದು ಇಳಿಯುವ ಬದಲು ಶ್ವಾಸಕೋಶದ ಉರಿಯೂತಕ್ಕೆ ತಿರುಗಿ ಪ್ರಾಣಾಂತಕವಾಗಬಹುದು. ಎರಡನೆಯ ದಿನವೂ ಉಸಿರು ಕಟ್ಟುತ್ತಿದ್ದರೆ ಅದನ್ನು ಸತುವಿನ ಜ್ವರವೆಂದು ಕೈಬಿಡುವಂತಿಲ್ಲ.

ಹಾಲು ಕುಡಿದರೆ, ಬೆಲ್ಲ ತಿಂದರೆ ಹೊಗೆ ಇಳಿಯುತ್ತದೆ ಎಂಬ ನಂಬಿಕೆ ದೇಶದ ಉದ್ದಗಲಕ್ಕೂ ಇದೆ. ಹಾಲಿನ ಪರವಾಗಿ ಹೇಳುವಂಥದ್ದೇನೂ ಕಾಣುವುದಿಲ್ಲ. ಬೆಲ್ಲಕ್ಕೆ ಒಂದು ಪ್ರಕಟಿತ ಆಧಾರವಿದೆ: ಲಖನೌದ ಔದ್ಯೋಗಿಕ ವಿಷವಿಜ್ಞಾನ ಸಂಶೋಧನಾ ಕೇಂದ್ರದ ಸಾಹು ಮತ್ತು ಸಕ್ಸೇನಾ 1994ರಲ್ಲಿ ಪ್ರಕಟಿಸಿದ ಪ್ರಯೋಗ. ಬೆಲ್ಲ ತಿನ್ನಿಸಿದಾಗ ಶ್ವಾಸಕೋಶದಿಂದ ಧೂಳಿನ ಕಣಗಳ ಸಾಗಣೆ ಹೆಚ್ಚುತ್ತದೆ ಎಂದು ಅದರ ಫಲಿತಾಂಶ. ಆದರೆ ಪ್ರಯೋಗ ನಡೆದದ್ದು ಇಲಿಗಳ ಮೇಲೆ. ಧೂಳು ಕಲ್ಲಿದ್ದಲು ಮತ್ತು ಸಿಲಿಕಾದ್ದು. ಸತುವಿನ ಜ್ವರ ಕೆಲವೇ ಗಂಟೆಗಳ ಪ್ರತಿಕ್ರಿಯೆ, ಮ್ಯಾಂಗನೀಸ್ ಹಾನಿ ರಕ್ತಕ್ಕಿಳಿದ ಲೋಹದ್ದು. ಎರಡಕ್ಕೂ ಆ ಫಲಿತಾಂಶವನ್ನು ಎಳೆದು ಹೊಂದಿಸಲಾಗದು.

5. ಮಳೆ ಮತ್ತು ಹೋಲ್ಡರಿನ ವೋಲ್ಟೇಜು

ಮಡಿಕೇರಿ ಸುತ್ತಿನ ವಾರ್ಷಿಕ ಮಳೆ ಸರಾಸರಿ 3,000 ಮಿ.ಮೀ. ಮೀರುತ್ತದೆ, ಬಹುಪಾಲು ಜೂನ್–ಸೆಪ್ಟೆಂಬರ್ ನಡುವೆ. ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ ಒಣಗಿದ ಕೈಗವಸು ಅಪರೂಪದ ವಸ್ತು. ವೆಲ್ಡಿಂಗ್ ಮೆಷಿನ್ನಿನಲ್ಲಿ ರಾಡು ಉರಿಯುವಾಗ ವೋಲ್ಟೇಜು 20–30ರ ಆಸುಪಾಸಿಗೆ ಇಳಿಯುತ್ತದೆ. ರಾಡು ಬದಲಿಸುವಾಗ, ಅಂದರೆ ಕೈ ನೇರವಾಗಿ ಹೋಲ್ಡರಿಗೆ ಹೋಗುವಾಗ, ಅದು ಮತ್ತೆ 60–80ಕ್ಕೆ ಏರಿರುತ್ತದೆ. ಅಪಾಯದ ಕ್ಷಣ ಬೆಳಕಿಲ್ಲದ ಕ್ಷಣವೇ.

ಅಂತರರಾಷ್ಟ್ರೀಯ ಮಾನಕ ಐಇಸಿ 60974-1 ಎರಡು ಪರಿಸರಗಳನ್ನು ಬೇರ್ಪಡಿಸುತ್ತದೆ. ಸಾಧಾರಣ ಜಾಗದಲ್ಲಿ ಎ.ಸಿ. ಖಾಲಿ ವೋಲ್ಟೇಜಿಗೆ 80 (ಆರ್.ಎಂ.ಎಸ್.) ತನಕ ಅವಕಾಶ. ಒದ್ದೆ, ಇಕ್ಕಟ್ಟು, ಸುತ್ತಲೂ ಲೋಹವಿರುವ ಜಾಗದಲ್ಲಿ 48 ಮಾತ್ರ. ಒದ್ದೆ ಮೈಯ ಪ್ರತಿರೋಧವನ್ನು 1,000 ಓಮ್ ಎಂದು ಹಿಡಿದರೆ 80 ವೋಲ್ಟಿಗೆ 80 ಮಿಲಿ ಆಂಪಿಯರ್, 48ಕ್ಕೆ 48. ಹಿಡಿದದ್ದನ್ನು ಬಿಡಲಾಗದ ಸ್ಥಿತಿ ಎ.ಸಿ.ಯಲ್ಲಿ 10 ಮಿಲಿ ಆಂಪಿಯರಿನ ಹತ್ತಿರವೇ ಆರಂಭ. ಒಂದೆರಡು ಸೆಕೆಂಡು ಎದೆಯ ಮೂಲಕ 50 ಮಿಲಿ ಆಂಪಿಯರ್ ಹರಿದರೆ ಹೃದಯದ ಲಯ ತಪ್ಪುವ ಸಾಧ್ಯತೆ ಗಣನೀಯ. ಆದ್ದರಿಂದ 48 ಕೂಡ ನಿರಾತಂಕದ ಸಂಖ್ಯೆಯಲ್ಲ. ಹಳೆಯ ಟ್ರಾನ್ಸ್‌ಫಾರ್ಮರ್ ಮೆಷಿನ್ ಎ.ಸಿ. ಕೊಡುತ್ತದೆ, ಈಚಿನ ಇನ್ವರ್ಟರ್ ಮೆಷಿನ್ ಡಿ.ಸಿ. ಅಷ್ಟೇ ವೋಲ್ಟೇಜಿನಲ್ಲಿ ಡಿ.ಸಿ. ಸ್ವಲ್ಪ ಕಡಿಮೆ ಅಪಾಯಕಾರಿ ಎಂಬುದು ಒಪ್ಪಿತ ವಿಷಯ. ಖಾಲಿ ವೋಲ್ಟೇಜನ್ನು ತಗ್ಗಿಸುವ ಉಪಕರಣವಿರುವ ಮೆಷಿನ್ನುಗಳೂ ಇವೆ. ಇನ್ವರ್ಟರ್ ಕೊಳ್ಳುವವರು ಸಾಮಾನ್ಯವಾಗಿ ನೋಡುವುದು ತೂಕ ಮತ್ತು ಕರೆಂಟ್ ಬಿಲ್ಲನ್ನು. ಸುರಕ್ಷತೆ ಅದರ ಜೊತೆಗೆ ಬಂದ ಲಾಭ.

ಇಎಲ್‌ಸಿಬಿ (ಸೋರಿಕೆ ಕಂಡರೆ ವಿದ್ಯುತ್ ಕಡಿಯುವ ಸ್ವಿಚ್ಚು) ಇದೆ, ಹಾಗಾಗಿ ಶಾಕ್ ಹೊಡೆಯದು ಎಂಬ ಮಾತು ಪೂರ್ತಿ ಸರಿಯಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ವಿನಿಯಮಗಳೇ ಸೋರಿಕೆ ರಕ್ಷಣೆಯ ಉಪಕರಣವನ್ನು ಕೇಳಿದ್ದವು, ಅದು ಅಗತ್ಯವೂ ಹೌದು. ಆದರೆ ಅದು ಕಾಯುವುದು ಮೆಷಿನ್ನಿಗೆ ಬರುವ 230 ವೋಲ್ಟಿನ ಬದಿಯನ್ನು. ಟ್ರಾನ್ಸ್‌ಫಾರ್ಮರಿನ ಆಚೆಯ ಸುತ್ತು ವಿದ್ಯುತ್ತಿನ ಲೆಕ್ಕದಲ್ಲಿ ಬೇರೆಯೇ ಸುತ್ತು. ಹೋಲ್ಡರಿನಿಂದ ಮೈಮೂಲಕ ಅರ್ಥ್ ಕ್ಲಾಂಪಿಗೆ ಹರಿಯುವ ಕರೆಂಟು ಈಚೆಯ ಉಪಕರಣಕ್ಕೆ ಕಾಣುವುದೇ ಇಲ್ಲ, ಅದು ಟ್ರಿಪ್ ಆಗುವುದೂ ಇಲ್ಲ. ಆಚೆಯ ಬದಿಗೆ ಉಳಿದಿರುವ ರಕ್ಷಣೆ ಒಣ ಕೈಗವಸು, ಸೀಳದ ಕೇಬಲ್ಲು, ಕಾಲಡಿಗೆ ಒಣ ಹಲಗೆ ಅಥವಾ ರಬ್ಬರ್ ಮ್ಯಾಟು, ಮತ್ತು ಕ್ಲಾಂಪನ್ನು ಜೋಡಣೆಯ ಹತ್ತಿರವೇ ಕಚ್ಚಿಸುವುದು.

ಕಾಯ್ದೆಗೂ ಈ ಮಾನಕಕ್ಕೂ ನಡುವೆ ಒಂದು ಅಸಂಗತಿ ಇದೆ. 1948ರ ಕಾಯ್ದೆಯ 36-ಎ ಕಲಮು ಟ್ಯಾಂಕು, ಗುಂಡಿ ಮುಂತಾದ ಇಕ್ಕಟ್ಟಿನ ಜಾಗಗಳಲ್ಲಿ, ತಕ್ಕ ಸುರಕ್ಷತಾ ಸಾಧನವಿಲ್ಲದೆ, 24 ವೋಲ್ಟಿಗಿಂತ ಹೆಚ್ಚಿನ ಕೈದೀಪವನ್ನಾಗಲಿ ಇತರ ವಿದ್ಯುತ್ ಉಪಕರಣವನ್ನಾಗಲಿ ಬಳಸಬಾರದು ಎನ್ನುತ್ತಿತ್ತು. ವೆಲ್ಡಿಂಗ್ ಹೋಲ್ಡರ್ ಆ ‘ಇತರ ಉಪಕರಣ’ವೇ? ಅಕ್ಷರಶಃ ಓದಿದರೆ ಹೌದು ಎನ್ನಬೇಕು. ಹಾಗಾದರೆ ಟ್ಯಾಂಕಿನೊಳಗೆ ಹಿಡಿಯುವ ಬಲ್ಬಿಗೆ 24, ಅದೇ ಕೈಯಲ್ಲಿರುವ ಹೋಲ್ಡರಿಗೆ ಐಇಸಿ ಪ್ರಕಾರವೇ 48. ‘ತಕ್ಕ ಸುರಕ್ಷತಾ ಸಾಧನ’ ಎಂಬ ಪದಗುಚ್ಛದೊಳಗೆ ಈ ಅಂತರವನ್ನು ತುಂಬಿಸಿಕೊಳ್ಳಬೇಕಾಗುತ್ತದೆ.

6. ಖಾಲಿ ಡ್ರಮ್ಮು

ತೋಟದಿಂದ ಬರುವ 200 ಲೀಟರಿನ ಡ್ರಮ್ಮುಗಳಲ್ಲಿ ಕೆಲವು ಗಿಡಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣ ಕಲಸಿದವು, ಕೆಲವು ಡೀಸೆಲ್ ಅಥವಾ ಪೆಟ್ರೋಲ್ ಇಟ್ಟವು. ಮೊದಲನೆಯವು ಸಿಡಿಯುವ ಬಗೆಯವಲ್ಲ. ಹೊರಗಿನ ಬಣ್ಣ ನೋಡಿ ಯಾವುದು ಯಾವುದೆಂದು ಹೇಳುವುದು ಕಷ್ಟ.

ಪೆಟ್ರೋಲ್ ಆವಿ ಗಾಳಿಯಲ್ಲಿ ಸುಮಾರು ಶೇ. 1.4ರಿಂದ 7.6ರವರೆಗೆ ಇದ್ದಾಗ ಹೊತ್ತಿಕೊಳ್ಳುತ್ತದೆ. 200 ಲೀಟರಿನ ಶೇ. 1.4 ಎಂದರೆ 2.8 ಲೀಟರ್ ಆವಿ. 25 ಡಿಗ್ರಿಯಲ್ಲಿ ಒಂದು ಮೋಲ್ ಅನಿಲ 24.5 ಲೀಟರ್, ಆವಿಯ ಸರಾಸರಿ ಅಣುತೂಕ 70 ಎಂದು ಹಿಡಿದರೆ ಇದು ಸುಮಾರು 8 ಗ್ರಾಂ, ದ್ರವದ ಲೆಕ್ಕದಲ್ಲಿ 11 ಮಿ.ಲೀ. ಎರಡು ಟೀ ಚಮಚಕ್ಕಿಂತ ತುಸು ಹೆಚ್ಚು. ಬೋರಲು ಹಾಕಿ ಬಸಿದ ಡ್ರಮ್ಮಿನ ಅಂಚಿನ ಮಡಿಕೆಯಲ್ಲಿ ಇಷ್ಟು ಉಳಿಯುವುದು ಅಸಂಭವವಲ್ಲ. ತುಂಬಿದ ಡ್ರಮ್ಮಿಗಿಂತ ಖಾಲಿಯದೇ ಹೆಚ್ಚು ಅಪಾಯ ಎಂಬ ಕಸುಬಿನ ತಿಳಿವಳಿಕೆಗೆ ಈ ಲೆಕ್ಕ ಬೆಂಬಲ ಕೊಡುತ್ತದೆ.

ಡೀಸೆಲಿನ ವಿಷಯ ಹೆಚ್ಚು ದಾರಿತಪ್ಪಿಸುವಂಥದ್ದು. ಐ.ಎಸ್. 1460ರ ಪ್ರಕಾರ ಡೀಸೆಲಿನ ಹೊತ್ತುಬಿಂದು ಕನಿಷ್ಠ 35 ಡಿಗ್ರಿ. ಕೊಡಗಿನ ತಂಪಿನಲ್ಲಿ ಬೆಂಕಿಕಡ್ಡಿ ತೋರಿಸಿದರೂ ಹೊತ್ತದಿರಬಹುದು, ಅದನ್ನು ಕಂಡವರು ಧೈರ್ಯ ತಾಳುತ್ತಾರೆ. ಕಟಿಂಗ್ ಟಾರ್ಚ್ ಹತ್ತಿರ ಬಂದಾಗ ತಗಡಿನ ಉಷ್ಣಾಂಶ ನೂರಾರು ಡಿಗ್ರಿ. ಒಳಗೋಡೆಗೆ ಅಂಟಿದ ಪದರ ಆಗ ಆವಿಯಾಗುತ್ತದೆ. ವಾಸನೆ ಇಲ್ಲ ಎಂಬ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಪರೀಕ್ಷೆಯ ಹೊತ್ತಿಗೆ ಆವಿ ಹುಟ್ಟಿರುವುದೇ ಇಲ್ಲ.

ಕಾರ್ಖಾನೆಗಳ ಕಾಯ್ದೆಯ 37(4) ಕಲಮು, ಸ್ಫೋಟಕ ಅಥವಾ ಹೊತ್ತಿಕೊಳ್ಳುವ ವಸ್ತು ಇರುವ ಇಲ್ಲವೇ ಹಿಂದೆ ಇದ್ದ ಪಾತ್ರೆಯನ್ನು, ಅದನ್ನೂ ಅದರ ಆವಿಯನ್ನೂ ತೆಗೆಯುವ ಅಥವಾ ನಿರಪಾಯಗೊಳಿಸುವ ಕ್ರಮವಿಲ್ಲದೆ ವೆಲ್ಡಿಂಗಿಗಾಗಲಿ ಕಟಿಂಗಿಗಾಗಲಿ ಒಡ್ಡಬಾರದು ಎಂದು ಸ್ಪಷ್ಟವಾಗಿ ಹೇಳುತ್ತಿತ್ತು. ಲೋಹ ತಣಿಯುವ ಮುನ್ನ ಮತ್ತೆ ತುಂಬಬಾರದು ಎಂದೂ ಇತ್ತು. ಈ ಕಾಯ್ದೆಯಲ್ಲಿ ಇಷ್ಟು ನಿಖರವಾಗಿ ಬರೆದ ಕಲಮುಗಳು ಕಡಿಮೆ. ಅದು ಕಾರ್ಖಾನೆಗಷ್ಟೇ ಅನ್ವಯಿಸುತ್ತಿತ್ತು; ಹಳೆಯ ಡ್ರಮ್ಮು ಬರುವುದು ರಸ್ತೆಬದಿಯ ಶಾಪಿಗೆ.

ಬಳಕೆಯಲ್ಲಿರುವ ಸರಳ ವಿಧಾನ ನೀರು ತುಂಬುವುದು: ಜೋಡಣೆಯ ಗೆರೆಗೆ ತುಸು ಕೆಳಗಿನವರೆಗೆ ನೀರು, ಉಳಿದ ಗಾಳಿ ಹೊರಹೋಗಲು ತೆರೆದ ಬಾಯಿ. ಒಮ್ಮೆ ನೀರಿನಿಂದ ಕುಲುಕಿ ಚೆಲ್ಲುವುದು ಸಾಲದು. ಎಣ್ಣೆ ನೀರಿಗೆ ಕರಗುವುದಿಲ್ಲ. ಸಿಲಿಂಡರಿನ ಆಕ್ಸಿಜನ್ನಿನಿಂದ ಊದಿ ಒಣಗಿಸುವುದು ಇರುವ ಅಪಾಯವನ್ನು ಹಲವು ಪಟ್ಟು ಮಾಡಿದಂತೆ.

7. ಕಣ್ಣು

ಅಂಗಡಿಯಲ್ಲಿ ರಾಡನ್ನು 8, 10, 12 ಗೇಜ್ ಎಂದು ಕೇಳುತ್ತಾರೆ, ಪೊಟ್ಟಣದ ಮೇಲೆ 4, 3.15, 2.5 ಮಿ.ಮೀ. ಎಂದಿರುತ್ತದೆ. ಹಳೆಯ ಬ್ರಿಟಿಷ್ ಗೇಜಿನ ಪ್ರಕಾರ 10ನೇ ನಂಬರು 3.25 ಮಿ.ಮೀ.; ವ್ಯತ್ಯಾಸ ಸಣ್ಣದು. ಗೊಂದಲ ಹುಟ್ಟುವುದು ಗಾಜಿನ ನಂಬರಿನ ಜೊತೆ ಬೆರೆತಾಗ. 10 ಗೇಜ್ ರಾಡಿಗೆ ಸುಮಾರು 90–130 ಆಂಪಿಯರ್, ಅದಕ್ಕೆ ಶಿಫಾರಸಾಗುವ ಕಪ್ಪು ಗಾಜು ಕೂಡ 10ನೇ ನಂಬರಿನದೇ. ಇದು ಕಾಕತಾಳೀಯ: ರಾಡು ದಪ್ಪವಾದಂತೆ ಗೇಜ್ ಇಳಿಯುತ್ತದೆ, ಗಾಜಿನ ನಂಬರು ಏರಬೇಕು. 8 ಗೇಜಿಗೆ 8ನೇ ನಂಬರಿನ ಗಾಜು ಹಾಕಿದರೆ ತಪ್ಪು ದಿಕ್ಕಿನಲ್ಲಿ ಹೋದಂತೆ.

ಆರ್ಕಿನ ಅತಿನೇರಳೆ ಕಿರಣದಿಂದ ಕಾರ್ನಿಯಾಕ್ಕಾಗುವ ಹಾನಿ 6ರಿಂದ 12 ಗಂಟೆ ಕಳೆದು ಕಾಣಿಸುತ್ತದೆ. ಮರಳು ಹೊಕ್ಕಂಥ ಉರಿ, ನೀರು, ಬೆಳಕಿಗೆ ಕಣ್ಣು ಬಿಡಲಾಗದ ಸ್ಥಿತಿ. 24ರಿಂದ 48 ಗಂಟೆಯಲ್ಲಿ ಮಾಯುವುದೇ ಹೆಚ್ಚು. ಪೈಪು ಹಿಡಿದುಕೊಳ್ಳುವ ಹುಡುಗನಿಗೆ ಇದು ವೆಲ್ಡರಿಗಿಂತ ಹೆಚ್ಚಾಗಿ ಆಗುತ್ತಿರಬೇಕು, ಏಕೆಂದರೆ ಶೀಲ್ಡ್ ಇರುವುದು ಒಂದೇ. ಆಲೂಗಡ್ಡೆಯ ಬಿಲ್ಲೆ ಇಡುವುದರಿಂದ ತಂಪಿನ ಸಮಾಧಾನ ಸಿಗಬಹುದು, ಸೋಂಕಿನ ಭಯವೂ ಇದೆ. ಮರಗಟ್ಟಿಸುವ ಹನಿಯನ್ನು ಮನೆಗೆ ಒಯ್ದು ಪದೇ ಪದೇ ಹಾಕಿಕೊಳ್ಳುವುದು ಕಾರ್ನಿಯಾ ಮಾಯುವುದನ್ನೇ ತಡೆಯುತ್ತದೆ.

8. ಗ್ರೈಂಡರ್

ವೆಲ್ಡಿಂಗಿಗೆ ನೇರ ಸೇರದಿದ್ದರೂ ಒಂದು ಅಂಕಿ ದಾಖಲಿಸತಕ್ಕದ್ದು. ಸಾಮಾನ್ಯ 4 ಇಂಚಿನ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತು ತಿರುಗುತ್ತದೆ, 100 ಮಿ.ಮೀ. ವೀಲಿನ ಅಂಚಿನ ವೇಗ ಆಗ ಸೆಕೆಂಡಿಗೆ 58 ಮೀಟರ್. ಬಲವರ್ಧಿತ ಕಟಿಂಗ್ ವೀಲುಗಳ ಮಿತಿ ಸಾಮಾನ್ಯವಾಗಿ 80 ಮೀಟರ್. ಗಾರ್ಡ್ ಕಳಚಿ 7 ಇಂಚಿನ ವೀಲು ಹಾಕಿದರೆ ಅಂಚಿನ ವೇಗ 104ರ ಹತ್ತಿರ, ಅಂದರೆ ಆ ಮಿತಿಗಿಂತ ಮೇಲೆ.

9. ಗಂಟೆಗಳ ಹೊಸ್ತಿಲು

ಕಾರ್ಖಾನೆಗಳ ಕಾಯ್ದೆಯ 88ನೇ ಕಲಮಿನ ಪ್ರಕಾರ ಅಪಘಾತವನ್ನು ವರದಿ ಮಾಡಬೇಕಾಗಿದ್ದದ್ದು ಗಾಯಾಳು 48 ಗಂಟೆ ಅಥವಾ ಹೆಚ್ಚು ಕಾಲ ಕೆಲಸಕ್ಕೆ ಬಾರದಂತಾದರೆ. 2020ರ ಸಂಹಿತೆಯಲ್ಲೂ 48 ಗಂಟೆಯೇ ಉಳಿದಿದೆ. 4 ಮತ್ತು 7ನೇ ಭಾಗದ ಎರಡು ಹಾನಿಗಳ ಅವಧಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು: ಸತುವಿನ ಜ್ವರ 24–48 ಗಂಟೆ, ಕಣ್ಣಿನ ಉರಿ 24–48 ಗಂಟೆ. ದೊಡ್ಡ ಕಾರ್ಖಾನೆಯಲ್ಲೇ ಆದರೂ ಇವು ವರದಿಯ ಗೆರೆ ದಾಟುವುದು ವಿರಳ ಎಂದಾಯಿತು.

ತಲೆ ಎಣಿಕೆಯಿಲ್ಲದೆ ಮೂವರ ಅಂಗಡಿಗೂ ಮೇಲ್ನೋಟಕ್ಕೆ ತಗಲುವ ಕಾನೂನು 1923ರ ಪರಿಹಾರ ಕಾಯ್ದೆ, ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. 1923ರ ಕಾಯ್ದೆಯ 3ನೇ ಕಲಮಿನಲ್ಲಿ ಹೊಸ್ತಿಲು ಇನ್ನೂ ಎತ್ತರ: 3 ದಿನ ಮೀರದ ಅಶಕ್ತತೆಗೆ ಪರಿಹಾರವಿಲ್ಲ. ಡ್ರಮ್ಮಿನ ಸ್ಫೋಟ, ಶಾಕಿನ ಸಾವು ಇದರೊಳಗೆ ಬರುತ್ತವೆ, ಬರಬೇಕಾದದ್ದೇ. ನಿಧಾನವಾಗಿ ಬರುವ ರೋಗಗಳ ಸ್ಥಿತಿ ಬೇರೆ. ಮೂರನೇ ಅನುಸೂಚಿಯ ‘ಬಿ’ ಭಾಗದಲ್ಲಿ ಮ್ಯಾಂಗನೀಸಿನಿಂದ ಬರುವ ರೋಗಗಳೂ ಅವಕೆಂಪು ಕಿರಣದಿಂದಾಗುವ ಕಣ್ಣಿನ ಪೊರೆಯೂ ಇವೆ. ಆದರೆ ‘ಬಿ’ ಭಾಗದ ರೋಗಕ್ಕೆ ಅದೇ ಮಾಲೀಕನ ಬಳಿ ಕನಿಷ್ಠ 6 ತಿಂಗಳ ಸತತ ಸೇವೆ ಇರಬೇಕು. ಅದೇ ಬಗೆಯ ಕೆಲಸವನ್ನು ಬೇರೆ ಮಾಲೀಕನ ಬಳಿ ಮಾಡಿದ ಅವಧಿಯನ್ನು ಸೇರಿಸಿಕೊಳ್ಳುವಂತಿಲ್ಲ ಎಂದು 1923ರ ಪಠ್ಯ ಆವರಣದೊಳಗೆ ಸ್ಪಷ್ಟಪಡಿಸುತ್ತದೆ. ಮಳೆಗಾಲದಲ್ಲಿ ಒಂದು ಶಾಪು, ಬೇಸಿಗೆಯಲ್ಲಿ ಇನ್ನೊಂದು, ನಡುವೆ ತೋಟದ ಗುತ್ತಿಗೆ ಕೆಲಸ ಎಂದು 20 ವರ್ಷ ಹೋಲ್ಡರ್ ಹಿಡಿದವನು, ಯಾರ ಬಳಿಯೂ 6 ತಿಂಗಳು ಸತತವಾಗಿ ಇರದಿದ್ದರೆ, ಈ ಆವರಣದ ಮಾತಿನ ಹೊರಗೇ ಉಳಿಯುತ್ತಾನೆ. ಸ್ವಂತ ಅಂಗಡಿ ಇಟ್ಟವನಿಗಂತೂ ಕ್ಲೇಮು ಸಲ್ಲಿಸಲು ಮಾಲೀಕನೇ ಇಲ್ಲ.